ಮನೆಯ ಜೇಡ: ಗುರುತು ಮತ್ತು ಭಯದ ಚರಿತ್ರೆ



ಚರಿತ್ರೆಯ ಉಪನ್ಯಾಸವೆಂದ ಮೇಲೆ ಕದಂಬರು, ಹೊಯ್ಸಳರು, ವಿಜಯನಗರದ ಅರಸರು ಬರುತ್ತಾರೆಂದು ನಿರೀಕ್ಷಿಸುವುದು ಸಹಜ. ಜೇಡರಹುಳುವಿನ ಚರಿತ್ರೆ ಹೇಳಹೊರಟವನನ್ನು ಕಂಡು ತಮ್ಮಲ್ಲಿ ಕೆಲವರಿಗೆ ನಗು ಬಂದಿದ್ದರೆ ಆಶ್ಚರ್ಯವಿಲ್ಲ. ಆದರೆ ಈ ಅಲ್ ಮುರಕ್ಕಬಾತಿನ ಫ್ಲಾಟುಗಳಲ್ಲಿ ಸಂಸಾರ ಹೂಡಿರುವ ನಮ್ಮವರಲ್ಲಿ, ಆ ಪ್ರಾಣಿಯ ಹೆಸರೆತ್ತಿದರೆ ನಗುವವರಿಗಿಂತ ಮೈ ಜುಮ್ಮೆನ್ನುವವರೇ ಹೆಚ್ಚೆಂಬುದನ್ನು ತಾವೂ ಒಪ್ಪುವಿರಿ. ಬಚ್ಚಲುಮನೆಯ ಗೋಡೆಯಲ್ಲಿ ಅಂಗೈಯಗಲದ ಜೇಡವನ್ನು ಕಂಡು ತಾಯಿ ಕಿರಿಚುತ್ತಾಳೆ. ಅವಳನ್ನು ನೋಡಿ ಮಗು ಕಿರಿಚುವುದನ್ನು ಕಲಿಯುತ್ತದೆ. ತಂದೆ ಔಷಧದ ಡಬ್ಬಿ ಹಿಡಿದು ಕಿಟಕಿ ಮುಚ್ಚಿದ ಕೋಣೆಯೊಳಗೆ ಸಿಂಪಡಿಸುತ್ತಾನೆ. ಆ ಕೋಣೆಯಲ್ಲೇ ರಾತ್ರಿ ಎಲ್ಲರೂ ಮಲಗುತ್ತಾರೆ. ಈ ಮೂರರಲ್ಲಿ ಅಪಾಯಕರವಾದದ್ದು ಯಾವುದೆಂಬ ಪ್ರಶ್ನೆಯೇ ಇಂದಿನ ನನ್ನ ವಿಷಯ.

ಮೊದಲು ಹೆಸರಿನಿಂದ ಹೊರಡೋಣ. ಕನ್ನಡದಲ್ಲಿ ಜೇಡ ಎಂದರೆ ನೇಯುವವನು. ಆದ್ಯ ವಚನಕಾರನೆಂದು ಪ್ರಸಿದ್ಧನಾದ ಜೇಡರ ದಾಸಿಮಯ್ಯನ ಹೆಸರಿನಲ್ಲಿರುವುದು ಈ ಪದವೇ. ಇಂದಿನ ಯಾದಗಿರಿ ಜಿಲ್ಲೆಯ ಮುದನೂರಿನ ಆ ಶರಣನ ಕಾಯಕ ನೇಯ್ಗೆ. ರಾಮನಾಥ ಅವನ ಅಂಕಿತ. ಮಗ್ಗದ ಮುಂದೆ ಕುಳಿತವನನ್ನೂ ಸೂರಿನ ಮೂಲೆಯಲ್ಲಿ ನೂಲು ಹಾಸುವ ಹುಳುವನ್ನೂ ನಮ್ಮ ಹಿರಿಯರು ಒಂದೇ ಹೆಸರಿನಿಂದ ಕರೆದರು. ಗ್ರೀಕರ ಕಥೆಯಲ್ಲಿ ಅರಾಕ್ನೆ ಎಂಬ ನೇಯ್ಗೆಯ ಹುಡುಗಿ ದೇವತೆಯೊಡನೆ ಪಂದ್ಯ ಕಟ್ಟಿ, ಅದರ ಫಲವಾಗಿ ಜೇಡವಾದಳು. ಅಲ್ಲಿ ಜೇಡವಾಗುವುದು ಶಿಕ್ಷೆ. ನಮ್ಮಲ್ಲಿ ಅದು ಒಂದು ಕಸುಬಿನ ಹೆಸರು. ಈ ವ್ಯತ್ಯಾಸ ಸಣ್ಣದೆಂದು ನನಗೆ ತೋರುವುದಿಲ್ಲ.

ಸಂಸ್ಕೃತದಲ್ಲಿ ಇದಕ್ಕೆ ಎರಡು ಮುಖ್ಯ ಹೆಸರುಗಳು: ಊರ್ಣನಾಭ ಮತ್ತು ಲೂತಾ. ಎರಡು ಹೆಸರಿಗೆ ಎರಡು ಬೇರೆ ಲೋಕಗಳು. ಊರ್ಣನಾಭ ಉಪನಿಷತ್ತಿನ ಪ್ರಾಣಿ. ತನ್ನೊಳಗಿನಿಂದಲೇ ನೂಲನ್ನು ಹೊರಗೆಡಹಿ ಮತ್ತೆ ಒಳಗೆಳೆದುಕೊಳ್ಳುವ ಈ ಜೀವಿಯನ್ನು ಮುಂಡಕೋಪನಿಷತ್ತು ಸೃಷ್ಟಿಗೆ ಹೋಲಿಸಿತು. ಲೂತೆಯಾದರೋ ವೈದ್ಯಶಾಸ್ತ್ರದ ಪ್ರಾಣಿ. ಸುಶ್ರುತಸಂಹಿತೆಯ ಕಲ್ಪಸ್ಥಾನದ 8ನೆಯ ಅಧ್ಯಾಯದಲ್ಲಿ ಲೂತೆಗಳ ಉತ್ಪತ್ತಿಯ ಕಥೆಯಿದೆ. ವಿಶ್ವಾಮಿತ್ರನ ಮೇಲೆ ಕೋಪಗೊಂಡ ವಸಿಷ್ಠರ ಹಣೆಯ ಬೆವರಹನಿಗಳು ಧೇನುವಿಗಾಗಿ ಕೊಯ್ದಿಟ್ಟ ಹುಲ್ಲಿನ ಮೇಲೆ ಬಿದ್ದು ಲೂತೆಗಳಾದವಂತೆ. ಅವು 16 ಬಗೆ. ಎಂಟು ಕಷ್ಟಸಾಧ್ಯ, ಎಂಟು ಅಸಾಧ್ಯ. ಚರಿತ್ರೆಯ ವಿದ್ಯಾರ್ಥಿಗೆ ಮುಖ್ಯವಾದ ಮಾತು ಮುಂದಿದೆ. ಲೂತೆಯ ವಿಷ ಹಲ್ಲಿನಿಂದ ಮಾತ್ರ ಬರುವುದಿಲ್ಲ. ಲಾಲಾರಸ, ಉಗುರು, ಮೂತ್ರ, ಮಲ ಮೊದಲಾದ ಏಳು ದಾರಿಗಳಿಂದ ಬರುತ್ತದೆ ಎಂದು ಅಲ್ಲಿ ಹೇಳಿದೆ.

ಊರಿನಲ್ಲಿ ಬೆಳೆದವರಿಗೆ ಇದು ಎಲ್ಲೋ ಕೇಳಿದ ಮಾತೆನಿಸಬೇಕು. ಬೆಳಿಗ್ಗೆ ಎದ್ದಾಗ ಕುತ್ತಿಗೆಯಲ್ಲೋ ಕೆನ್ನೆಯಲ್ಲೋ ಉರಿಯುವ ಗುಳ್ಳೆಗಳ ಸಾಲು ಕಂಡರೆ, ರಾತ್ರಿ ಜೇಡ ಹರಿದಿದೆ, ಇಲ್ಲವೇ ಜೇಡ ಉಚ್ಚೆ ಹೊಯ್ದಿದೆ ಎಂದು ಮನೆಯ ಹಿರಿಯರು ಹೇಳುತ್ತಿದ್ದರು. ಕಚ್ಚಿತೆಂದು ಹೇಳುತ್ತಿರಲಿಲ್ಲ. ನಮ್ಮ ಭಯ ಮೂಲತಃ ಸ್ಪರ್ಶದ ಭಯ, ಮೈಲಿಗೆಯ ಭಯಕ್ಕೆ ಹತ್ತಿರವಾದದ್ದು. ಆ ಗುಳ್ಳೆಗಳು ನಿಜ. ಅಪರಾಧಿ ಮಾತ್ರ ಬೇರೆ. ಪೀಡರಸ್ ಎಂಬ, ಇರುವೆಯಂತೆ ಕಾಣುವ, ಕಪ್ಪು ಮತ್ತು ಕಿತ್ತಳೆ ಬಣ್ಣದ ಸಣ್ಣ ಜೀರುಂಡೆಯೊಂದಿದೆ. ಮಳೆಗಾಲದಲ್ಲಿ ದೀಪದ ಬೆಳಕಿಗೆ ಹಾರಿಬರುತ್ತದೆ. ಅದು ಕಚ್ಚುವುದೂ ಇಲ್ಲ, ಕುಟುಕುವುದೂ ಇಲ್ಲ. ನಿದ್ದೆಯಲ್ಲಿ ಕೈಯಾಡಿಸಿ ಅದನ್ನು ಮೈಮೇಲೆ ಉಜ್ಜಿದರೆ ಅದರ ದೇಹದ್ರವ ಚರ್ಮವನ್ನು ಸುಡುತ್ತದೆ, ಗುಳ್ಳೆ ಏಳುವುದು ಒಂದು ದಿನ ಕಳೆದ ಮೇಲೆ. ಅಷ್ಟರಲ್ಲಿ ಜೀರುಂಡೆ ಕಾಣೆಯಾಗಿರುತ್ತದೆ, ಸೂರಿನ ಜೇಡ ಮಾತ್ರ ಕಣ್ಣೆದುರಿಗೆ ಇರುತ್ತದೆ. ತಪ್ಪು ಯಾರ ತಲೆಗೆ ಕಟ್ಟುವುದು ಸುಲಭ, ಹೇಳಿ! ವೈದ್ಯರ ಪುಸ್ತಕಗಳಲ್ಲಿ ಕೂಡ ಈ ಚರ್ಮರೋಗಕ್ಕೆ ‘ಜೇಡ ನೆಕ್ಕಿದ್ದು’ ಎಂಬರ್ಥದ ಅಡ್ಡಹೆಸರು ಉಳಿದುಬಂದಿದೆ. ಸರ್ಪಸುತ್ತಿನ ಗುಳ್ಳೆಗಳನ್ನೂ ಕೆಲವೆಡೆ ಜೇಡದ ಲೆಕ್ಕಕ್ಕೇ ಬರೆದಿದ್ದಾರೆ.

ಇದನ್ನು ಹೇಳುವಾಗ ನಮ್ಮ ಹಿಂದಿನವರನ್ನು ಹಗುರವಾಗಿ ಕಾಣುವ ಉದ್ದೇಶ ನನಗಿಲ್ಲ. ಹದಿನಾಲ್ಕನೆಯ ಶತಮಾನದಲ್ಲಿಯೇ ಮಂಗರಾಜನು ‘ಖಗೇಂದ್ರಮಣಿದರ್ಪಣ’ವೆಂಬ ಇಡೀ ವಿಷವೈದ್ಯದ ಗ್ರಂಥವನ್ನು ಕನ್ನಡ ಪದ್ಯಗಳಲ್ಲಿ ಬರೆದ. ಪ್ರಾಣಿಗಳ ವಿಷ, ಗಿಡಮರಗಳ ವಿಷ ಎಂದು ವಿಂಗಡಿಸಿ ನೋಡುವ ಶಿಸ್ತು ನಮ್ಮ ಭಾಷೆಗೆ ಹೊಸತಲ್ಲ. ಇನ್ನು ಭಕ್ತಿಯ ಕಡೆ ನೋಡಿದರೆ ಜೇಡಕ್ಕೆ ಸಿಕ್ಕ ಸ್ಥಾನ ಇನ್ನೂ ಎತ್ತರದ್ದು. ಶ್ರೀಕಾಳಹಸ್ತಿಗೆ ಹೋಗಿಬಂದವರು ಇಲ್ಲಿ ಅನೇಕರಿರಬಹುದು. ಆ ಊರಿನ ಹೆಸರಿನಲ್ಲಿ ಕಾಳ ಎಂದರೆ ಹಾವು, ಹಸ್ತಿ ಎಂದರೆ ಆನೆ. ಮೊದಲಿಗೆ ನಿಂತ ಶ್ರೀ ಎಂಬುದು ಜೇಡ. ಶಿವಲಿಂಗಕ್ಕೆ ನೂಲಿನ ಚಪ್ಪರ ಹಾಕಿದ ಭಕ್ತ ಅದು.

ನಾವೀಗ ಬಾಳುತ್ತಿರುವ ನಾಡಿನವರಿಗೂ ಜೇಡ ಶತ್ರುವಲ್ಲ. ಅರಬ್ಬಿಯಲ್ಲಿ ಅದರ ಹೆಸರು ಅನ್ಕಬೂತ್. ಕುರ್‌ಆನಿನ 29ನೆಯ ಅಧ್ಯಾಯಕ್ಕೆ ಇದೇ ಹೆಸರು. ದೇವರನ್ನು ಬಿಟ್ಟು ಬೇರೆ ಆಸರೆ ಹುಡುಕುವವರನ್ನು ಅತ್ಯಂತ ದುರ್ಬಲವಾದ ಮನೆ ಕಟ್ಟಿಕೊಳ್ಳುವ ಜೇಡಕ್ಕೆ ಅಲ್ಲಿ ಹೋಲಿಸಿದೆ. ಜನರ ಬಾಯಲ್ಲಿರುವ ಕಥೆ ಇನ್ನೊಂದು. 622ರಲ್ಲಿ ಪ್ರವಾದಿಯವರು ಮಕ್ಕಾದಿಂದ ಹೊರಟು ಸೌರ್ ಎಂಬ ಗುಹೆಯಲ್ಲಿ ಅಡಗಿದ್ದಾಗ, ಬಾಗಿಲಿಗೆ ಜೇಡ ಬಲೆ ಹೆಣೆಯಿತು, ಬಲೆ ಹರಿಯದಿರುವುದನ್ನು ಕಂಡು ಬೆನ್ನಟ್ಟಿದವರು ಹಿಂದಿರುಗಿದರು ಎಂಬುದು ಆ ಕಥೆ. ನಿಮ್ಮ ಮಕ್ಕಳ ಅರಬ್ಬಿ ಸಹಪಾಠಿಗಳನ್ನು ಕೇಳಿದರೆ ನನಗಿಂತ ಚೆನ್ನಾಗಿ ಹೇಳುತ್ತಾರೆ.

ಹಾಗಾದರೆ, ಕಚ್ಚಿ ಕೊಲ್ಲುವ ಘೋರಪ್ರಾಣಿ ಎಂಬ ಚಿತ್ರ ಎಲ್ಲಿಂದ ಬಂತು? ಬಹುಮಟ್ಟಿಗೆ ಯುರೋಪಿನಿಂದ. ದಕ್ಷಿಣ ಇಟಲಿಯ ತಾರಂತೊ ಎಂಬ ಊರಿನ ಸುತ್ತಮುತ್ತ ಶತಮಾನಗಳ ಕಾಲ ಒಂದು ನಂಬಿಕೆಯಿತ್ತು. ಬೇಸಗೆಯ ಕೊಯ್ಲಿನ ಹೊತ್ತಿನಲ್ಲಿ ತಾರಂತುಲ ಎಂಬ ಜೇಡ ಕಚ್ಚಿದವರು ಮಂಕಾಗಿ ಬೀಳುತ್ತಾರೆ. ವಾದ್ಯದವರನ್ನು ಕರೆಸಿ, ದಿನಗಟ್ಟಲೆ ಕುಣಿಸಿದರೆ ಮಾತ್ರ ವಿಷ ಇಳಿಯುತ್ತದೆ. ತಾರಂತೆಲ್ಲ ಎಂಬ ಕುಣಿತದ ಹೆಸರು ಈ ಊರಿಗೇ ಸಂಬಂಧಿಸಿದ್ದು. 1959ರ ಬೇಸಗೆಯಲ್ಲಿ ಎರ್ನೆಸ್ತೊ ದೆ ಮಾರ್ತಿನೊ ಎಂಬ ಇಟಲಿಯ ವಿದ್ವಾಂಸ ವೈದ್ಯ, ಮನಶ್ಶಾಸ್ತ್ರಜ್ಞ, ಸಂಗೀತಜ್ಞರ ತಂಡವನ್ನು ಕಟ್ಟಿಕೊಂಡು ಅಲ್ಲಿಗೆ ಹೋಗಿ ಇದನ್ನು ಪರಿಶೀಲಿಸಿ, 1961ರಲ್ಲಿ ಗ್ರಂಥ ಪ್ರಕಟಿಸಿದ. ಹಾಗೆ ಕುಣಿಯುತ್ತಿದ್ದವರಲ್ಲಿ ಹೆಚ್ಚಿನವರು ಬಡ ಕುಟುಂಬಗಳ ಹೆಂಗಸರು. ಕಚ್ಚಿದ ಜೇಡಕ್ಕಿಂತ, ಬಾಯಿಬಿಟ್ಟು ಹೇಳಲಾಗದ ದುಃಖವೇ ಅಲ್ಲಿ ಮಾತನಾಡುತ್ತಿತ್ತೆಂಬುದು ಅವನ ತೀರ್ಮಾನ. ಮೈಮೇಲೆ ಬರುವುದನ್ನು ಕಂಡ ನಮಗೆ ಇದು ಅರ್ಥವಾಗದ ಸಂಗತಿಯೇನಲ್ಲ. ಆಪಾದನೆ ಹೊತ್ತ ಆ ತೋಳಜೇಡದ ಕಡಿತ ಮನುಷ್ಯನನ್ನು ಕೊಲ್ಲುವಂಥದ್ದಲ್ಲ. ಆದರೆ ಹೆಸರು ಉಳಿಯಿತು. ಅಮೆರಿಕದ ದೊಡ್ಡ ರೋಮಶ ಜೇಡಗಳಿಗೂ ಅದೇ ಹೆಸರು ಅಂಟಿತು, ಆಮೇಲೆ ಸಿನಿಮಾಗಳಿಗೂ.

ಸಿನಿಮಾ ಎಂದಾಗ, 1968ರ ನಮ್ಮ ‘ಜೇಡರ ಬಲೆ’ ನೆನಪಾಗದೆ ಇರದು. ರಾಜ್‌ಕುಮಾರ್ ಸಿ.ಐ.ಡಿ. 999 ಆಗಿ ಬಂದ ಆ ಚಿತ್ರದಲ್ಲಿ ಬಲೆ ಎಂದರೆ ಖಳರ ಸಂಚು ಅಷ್ಟೆ. 1990ರಲ್ಲಿ ಹಾಲಿವುಡ್ಡಿನಿಂದ ಬಂದ ‘ಅರಾಕ್ನೋಫೋಬಿಯ’ ಮಾತ್ರ ಜೇಡವನ್ನೇ ಖಳನನ್ನಾಗಿ ಮಾಡಿತು. ಅದರಲ್ಲಿ ನಟಿಸಿದವು ನ್ಯೂಜಿಲೆಂಡಿನ ಆಕ್ಲೆಂಡ್ ನಗರದ ಏವನ್‌ಡೇಲ್ ಜೇಡಗಳು. ಮನುಷ್ಯನಿಗೆ ತೊಂದರೆ ಕೊಡದ ಸಾಧುಗಳೆಂದೇ ಅವನ್ನು ಆರಿಸಿದ್ದರು. ಅವೂ ಅಲ್ಲಿನ ಮೂಲನಿವಾಸಿಗಳಲ್ಲ; ಆಸ್ಟ್ರೇಲಿಯದಿಂದ ಬಂದು ನೆಲೆಸಿದವು.

ವಲಸೆಯ ಮಾತು ಬಂದಿದ್ದರಿಂದ ನಮ್ಮ ಮನೆಗಳಿಗೆ ಬರೋಣ. ದೇರಾದ ಖಾರಿಯ ದಂಡೆಯಲ್ಲಿ ಹಾಯಿಹಡಗಿನ ಕುಲದ ಧೋಗಳು ಸರಕಿಳಿಸುವುದನ್ನು ತಾವೆಲ್ಲ ನೋಡಿದ್ದೀರಿ. ನಮ್ಮ ಕರಾವಳಿಗೂ ಅರಬ್ಬಿ ಬಂದರುಗಳಿಗೂ ಇರುವ ಈ ದಾರಿ ಹಳೆಯದು. ಟುನೀಸಿಯ ಮೂಲದ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ ಹನ್ನೆರಡನೆಯ ಶತಮಾನದಲ್ಲಿ ಮಂಗಳೂರಿನಲ್ಲಿ ವರ್ಷಗಟ್ಟಲೆ ನೆಲೆಸಿ ಏಡನ್ನಿಗೆ ಮೆಣಸು, ಅಡಕೆ, ಕಬ್ಬಿಣ ಕಳಿಸುತ್ತಿದ್ದುದು ಕೈರೋದಲ್ಲಿ ಸಿಕ್ಕ ಅವನ ಕಾಗದಪತ್ರಗಳಿಂದ ಗೊತ್ತಾಗಿದೆ. ಅಮಿತಾವ್ ಘೋಷ್ 1992ರಲ್ಲಿ ಇದನ್ನೇ ಹಿಡಿದು ಪುಸ್ತಕ ಬರೆದರು. ಅಡಕೆಯ ಮೂಟೆಗಳಲ್ಲಿ ಯಾವ ಜೇಡ ಕುಳಿತಿತ್ತೆಂದು ಬೆನ್ ಯಿಜು ಬರೆದಿಡಲಿಲ್ಲ. ಆದರೆ ನಮ್ಮ ಹಂಚಿನ ಮನೆಗಳ ಜೇಡಗಳೂ ಈ ಫ್ಲಾಟುಗಳ ಜೇಡಗಳೂ ಬಹುಪಾಲು ಒಂದೇ ಕುಲದವು ಎಂಬುದಕ್ಕೆ ಸರಕಿನ ಸಂಚಾರವೇ ಮುಖ್ಯ ಕಾರಣ.

ಎಲ್ಲರನ್ನೂ ಹೆದರಿಸುವ ದೊಡ್ಡದರಿಂದ ಆರಂಭಿಸುತ್ತೇನೆ. ಕಂದುಬಣ್ಣ, ಚಪ್ಪಟೆ ಮೈ, ಕಾಲು ಚಾಚಿದರೆ ಅಂಗೈಯಗಲ, ಏಡಿಯಂತೆ ಅಡ್ಡಡ್ಡ ಓಟ, ಮುಖದ ಮೇಲೆ ಮೀಸೆಯಂತೆ ಬಿಳಿಯ ಪಟ್ಟೆ. ಇದು ಬೇಟೆಗಾರ ಜೇಡ. ಲಿನ್ನೇಯಸ್ 1767ರಲ್ಲಿ ಹೆಸರಿಟ್ಟ ಹೆಟೆರೊಪೋಡ ವೆನಾಟೋರಿಯ. ಊರಿನಲ್ಲಿ ಗೋಡೆಯ ಕ್ಯಾಲೆಂಡರಿನ ಹಿಂದೆ, ದೇವರ ಪಟದ ಹಿಂದೆ ಇರುತ್ತಿದ್ದುದು ಇದೇ. ಏಷ್ಯಾದ ಈ ಜೀವಿ ಬಾಳೆಗೊನೆ ಮತ್ತು ಹಡಗಿನ ಸರಕಿನೊಡನೆ ಉಷ್ಣವಲಯದ ಬಂದರುಗಳಿಗೆಲ್ಲ ಹಬ್ಬಿತು. ಬಲೆ ಕಟ್ಟುವುದಿಲ್ಲ; ರಾತ್ರಿ ಹೊರಟು ಜಿರಲೆ ಹಿಡಿಯುತ್ತದೆ. ಹೊಟ್ಟೆಯ ಕೆಳಗೆ ಬಿಳಿಯ ಬಿಲ್ಲೆ ಹಿಡಿದುಕೊಂಡಿದ್ದರೆ ಅದು ತಾಯಿ, ಬಿಲ್ಲೆ ಅವಳ ಮೊಟ್ಟೆಚೀಲ. ಹಿಂಡಿ ಹಿಡಿದರೆ ಕಚ್ಚೀತು, ನೋವಾದೀತು, ಅದಕ್ಕಿಂತ ಹೆಚ್ಚಿನದು ಸಾಮಾನ್ಯವಾಗಿ ಆಗುವುದಿಲ್ಲ.

ಸೂರಿನ ಮೂಲೆಯಲ್ಲಿ ತಲೆಕೆಳಗಾಗಿ ತೂಗುವ, ಕೂದಲೆಳೆಯ ಕಾಲಿನದು ಎರಡನೆಯದು. ಮುಟ್ಟಿದರೆ ಕಣ್ಣಿಗೆ ಕಾಣದಷ್ಟು ವೇಗವಾಗಿ ಮೈ ಅಲುಗಿಸುತ್ತದೆ. ಗಣೇಶನ ಹಬ್ಬಕ್ಕೆ ಮುನ್ನ ಉದ್ದಕೋಲಿಗೆ ಪೊರಕೆ ಕಟ್ಟಿ ತೆಗೆಯುತ್ತಿದ್ದ ಬಲೆ ಹೆಚ್ಚಾಗಿ ಇದರದು. ಹೊಟ್ಟೆಯ ಹಿಂಬದಿ ಮೇಲಕ್ಕೆ ಮೊನೆಯಾಗಿದ್ದರೆ ಕ್ರಾಸ್ಸೋಪ್ರಿಜ ಲಯೋನಿ. ಮೈ ದುಂಡಾಗಿ, ಕಾಲು ಇನ್ನೂ ಉದ್ದವಾಗಿದ್ದರೆ ಆರ್ಟೆಮ ಅಟ್ಲಾಂಟ. ಪ್ರಪಂಚದ ಅತಿ ವಿಷದ ಜೇಡ ಇದೇ, ಹಲ್ಲು ಮೊಂಡಾದ್ದರಿಂದ ನಾವು ಬದುಕಿದ್ದೇವೆ ಎಂಬ ಮಾತು ಶಾಲಾಮಕ್ಕಳಲ್ಲಿ ಓಡಾಡುತ್ತದೆ. ಅದಕ್ಕೆ ಯಾವ ಆಧಾರವೂ ಇಲ್ಲ. ಡೆಂಗ್ಯೂ ಹರಡುವ ಸೊಳ್ಳೆಗಳನ್ನು ಕ್ರಾಸ್ಸೋಪ್ರಿಜ ತಿನ್ನುವುದನ್ನು ಥಾಯ್ಲೆಂಡಿನಲ್ಲಿ ಅಧ್ಯಯನ ಮಾಡಿ 1997ರಲ್ಲಿ ಪ್ರಕಟಿಸಿದ್ದಾರೆ.

ಮೂರನೆಯದರ ಚರಿತ್ರೆ ನನಗೆ ಅತ್ಯಂತ ಪ್ರಿಯವಾದದ್ದು. ಹಗಲಿನಲ್ಲಿ ಕಿಟಕಿಯ ಬಳಿ ಓಡಾಡುತ್ತ, ನೊಣದ ಮೇಲೆ ಹಾರುವ, ನೀವು ಹತ್ತಿರ ಹೋದರೆ ಇಡೀ ಮುಖವನ್ನೇ ತಿರುಗಿಸಿ ನಿಮ್ಮನ್ನು ನೋಡುವ ಪುಟ್ಟ ಜೇಡ ಗೊತ್ತಲ್ಲ? ಎಂಟು ಕಣ್ಣುಗಳಲ್ಲಿ ಮುಂದಿನ ಎರಡು ಕಾರಿನ ದೀಪದಂತೆ ದೊಡ್ಡವು. ನಮ್ಮ ಮನೆಗಳಲ್ಲಿ ಇರುವ ಪ್ಲೆಕ್ಸಿಪ್ಪಸ್ ಪೇಕುಲ್ಲಿ, ಹಸೇರಿಯಸ್ ಆಡನ್ಸೋನಿ ಎಂಬ ಎರಡು ಹಾರುವ ಜೇಡಗಳು ಶಾಸ್ತ್ರಕ್ಕೆ ಪರಿಚಯವಾದದ್ದು ಈಜಿಪ್ಟಿನ ಮೂಲಕ. 1798ರಲ್ಲಿ ನೆಪೋಲಿಯನ್ ಈಜಿಪ್ಟಿಗೆ ದಂಡೆತ್ತಿ ಹೋದಾಗ ಸೈನ್ಯದೊಡನೆ ವಿದ್ವಾಂಸರನ್ನೂ ಕರೆದೊಯ್ದ. ಅವರಲ್ಲಿ ಇಪ್ಪತ್ತೊಂದರ ತರುಣ ಸಾವಿನ್ಯಿ ಒಬ್ಬ. ಹುಳುಹುಪ್ಪಟೆಗಳು ಅವನ ಪಾಲಿಗೆ ಬಂದವು. ಊರಿಗೆ ಮರಳಿ, ಜೇಡಗಳ ಕಣ್ಣು, ಹಲ್ಲು, ಉಗುರುಗಳನ್ನೆಲ್ಲ ಬಿಡಿಸಿ ತೋರಿಸುವ ಚಿತ್ರಪಟಗಳನ್ನು ವರ್ಷಗಟ್ಟಲೆ ಸಿದ್ಧಪಡಿಸಿದ. ಆ ಕೆಲಸ ಮುಗಿಯುವ ಮೊದಲೇ ಕಣ್ಣಿನ ಬೇನೆ ಹಿಡಿಯಿತು. ಕೊನೆಗೆ ಬೆಳಕನ್ನೇ ತಾಳಲಾರದೆ, 1851ರಲ್ಲಿ ಸಾಯುವವರೆಗೆ ಕತ್ತಲೆಯ ಕೋಣೆಯನ್ನು ಆಶ್ರಯಿಸಬೇಕಾಯಿತು. ಚಿತ್ರಗಳಿಗೆ ವಿವರಣೆ ಬರೆಯುವ ಕೆಲಸವನ್ನು ಔದುಆಂ ಎಂಬವನಿಗೆ ವಹಿಸಿದರು. ಆದ್ದರಿಂದ ಇವತ್ತಿಗೂ ಈ ಎರಡು ಜೇಡಗಳ ಹೆಸರಿನ ಮುಂದೆ ಬರೆಯುವುದು ‘ಔದುಆಂ, 1826’ ಎಂದು. ಜಗತ್ತಿನ ಅತಿ ಚುರುಕು ಕಣ್ಣಿನ ಜೇಡಗಳನ್ನು ನಮಗೆ ತೋರಿಸಿಕೊಟ್ಟವನು ಅದಕ್ಕಾಗಿ ತನ್ನ ಕಣ್ಣನ್ನೇ ತೆತ್ತ.

ಗೋಡೆಗೆ ಅಂಟಿದ ಬೆರಳುಗುರಿನಷ್ಟು ಬಿಳಿಯ ತೇಪೆ, ಅದರಡಿಯಲ್ಲಿ ಎಳ್ಳಿನಷ್ಟು ಜೇಡ ಇದ್ದರೆ ಓಕೋಬಿಯಸ್. ಇರುವೆಯ ಸುತ್ತ ಗಿರಗಿರನೆ ಸುತ್ತಿ ನೂಲಿನಲ್ಲಿ ಕಟ್ಟಿಹಾಕುತ್ತದೆ. ಇದನ್ನು ಗುಡಿಸಿದರಾಯಿತು.

ಭಾರತದ ಜೇಡಗಳ ಮೇಲೆ ಪೊಕಾಕ್ 1900ರಲ್ಲಿ ಬರೆದ ಸಂಪುಟ, 1987ರಲ್ಲಿ ಬಂದ ಟೀಕಾದರ್ ಅವರ ಕೈಪಿಡಿ ನಮ್ಮವರಿಗೆ ದಾರಿ ತೋರಿಸಿದವು. ಈ ದೇಶದ ಕೀಟಸಂಕುಲದ ಮೇಲೆ ವ್ಯಾನ್ ಹಾರ್ಟನ್ ಸಂಪಾದಿಸಿದ ಸಂಪುಟಗಳು 2008ರಿಂದ ಪ್ರಕಟವಾದವು. ಜಗತ್ತಿನಲ್ಲಿ ಹೆಸರು ಪಡೆದ ಜೇಡಗಳ ಸಂಖ್ಯೆ 2022ರಲ್ಲಿ 50,000 ದಾಟಿತು. ಅಷ್ಟರಲ್ಲಿ ಮನುಷ್ಯನಿಗೆ ನಿಜವಾಗಿ ಅಪಾಯ ತರುವವು ಬೆರಳೆಣಿಕೆಯ ಕುಲಗಳು.

ಇಲ್ಲಿ ನೋಡಿಕೊಳ್ಳಬೇಕಾದ್ದು ಒಂದಿದೆ, ಅದನ್ನು ಮುಚ್ಚಿಡಬಾರದು. ಕಪ್ಪಾಗಿ, ಬಟಾಣಿಯಂತೆ ದುಂಡಾಗಿ, ಹೊಟ್ಟೆಯ ಮೇಲೋ ಕೆಳಗೋ ಕೆಂಪು ಗುರುತಿರುವ ಲ್ಯಾಟ್ರೊಡೆಕ್ಟಸ್ ಕುಲದ ಜೇಡ. ಆಸ್ಟ್ರೇಲಿಯದ ಕೆಂಪುಬೆನ್ನಿನ ಜೇಡ ದುಬೈಯಲ್ಲಿ ನೆಲೆಯೂರಿರುವುದು ದಾಖಲಾಗಿದೆ. ಅದರ ಜಾಗ ಹೂಕುಂಡದ ಅಡಿ, ಹೊರಗಿಟ್ಟ ಕುರ್ಚಿಯ ಕೆಳಗು, ಬಹಳ ದಿನ ಮುಟ್ಟದ ಸಾಮಾನಿನ ಸಂದು. ಕಚ್ಚಿದ ಜಾಗದಲ್ಲಿ ನೋವು ಏರುತ್ತ ಹೋಗಿ ಬೆವರು ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಇದಕ್ಕೆ ಆಸ್ಟ್ರೇಲಿಯದಲ್ಲಿ 1956ರಲ್ಲೇ ಪ್ರತಿವಿಷ ಸಿದ್ಧವಾಯಿತು. ಮರಳುಗಾಡಿನಲ್ಲಿ ಕಾಣುವ ‘ಒಂಟೆ ಜೇಡ’ ಮಾತ್ರ ಜೇಡವೇ ಅಲ್ಲ, ಬೇರೆ ಗಣದ ಪ್ರಾಣಿ. ಬಲವಾಗಿ ಕಡಿಯಬಲ್ಲದು, ವಿಷವಿಲ್ಲ. ವಿಷಜೇಡಗಳಿಗೆ ಹೆಸರಾದ ಆಸ್ಟ್ರೇಲಿಯದಲ್ಲಿಯೇ, ಕಚ್ಚಿದ ಜೇಡವನ್ನು ಹಿಡಿದು ತಂದು ತಜ್ಞರು ಗುರುತಿಸಿದ 750 ಪ್ರಕರಣಗಳ ಅಧ್ಯಯನ 2002ರಲ್ಲಿ ಪ್ರಕಟವಾಯಿತು. ಗಣನೀಯ ತೊಂದರೆ ಆದದ್ದು ನೂರಕ್ಕೆ ಸುಮಾರು ಆರು ಮಂದಿಗೆ, ಅವರಲ್ಲೂ ಬಹುಪಾಲು ಕೆಂಪುಬೆನ್ನಿನ ಜೇಡದಿಂದ.

ಇದರ ಪಕ್ಕದಲ್ಲಿ ಇನ್ನೊಂದು ಲೆಕ್ಕವನ್ನಿಡಿ. ತಿಗಣೆ, ಜಿರಲೆಗಳಿಗೆಂದು ಪಕ್ಕದ ಫ್ಲಾಟಿನಲ್ಲಿ ಕದ್ದುಮುಚ್ಚಿ ಇಟ್ಟ ಅಲ್ಯುಮಿನಿಯಂ ಫಾಸ್ಫೈಡ್ ಗುಳಿಗೆಯಿಂದ ಹೊರಟ ಅನಿಲ, ಗೋಡೆಯ ಸಂದು ದಾಟಿ ಬಂದು ಮಲಗಿದ್ದ ಮಕ್ಕಳ ಪ್ರಾಣ ತೆಗೆದ ಪ್ರಕರಣಗಳು ಈ ದೇಶದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ನಡೆದಿವೆ. ಮನೆಗಳಲ್ಲಿ ಅದರ ಬಳಕೆಗೆ ನಿಷೇಧವಿದೆ. ಹುಳುವಿನ ಹೇಸಿಗೆಯನ್ನು ತಾಳಲಾರದ ಮನಸ್ಸು ಯಾವ ಡಬ್ಬಿಗೆ ಕೈ ಹಾಕುತ್ತದೆಂಬುದನ್ನು ಯೋಚಿಸಬೇಕು. ಮನೆಯಲ್ಲಿ ಜೇಡ ಹೆಚ್ಚಿದ್ದರೆ ಅದರ ಆಹಾರ ಹೆಚ್ಚಿದೆ ಎಂದರ್ಥ. ಅಡುಗೆಮನೆಯ ಕೊಳವೆಯ ಸಂದುಗಳನ್ನು ಮುಚ್ಚಿ, ಊರಿನಿಂದ ಹಪ್ಪಳ ತಂದ ರಟ್ಟಿನ ಪೆಟ್ಟಿಗೆಗಳನ್ನು ಮಂಚದಡಿ ಪೇರಿಸಿಡದೆ ಹೊರಗೆ ಹಾಕಿದರೆ ಅರ್ಧ ಕೆಲಸ ಮುಗಿಯಿತು.

ಉಳಿದರ್ಧ ಭಯದ್ದು. ಅಮೆರಿಕದ ಸೂಸನ್ ಮಿನೇಕ ಮತ್ತು ಸಂಗಡಿಗರು 1984ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹಾವನ್ನೇ ಕಾಣದೆ ಬೆಳೆದ ಕೋತಿಗಳು, ಹಾವಿಗೆ ಹೆದರುವ ಕೋತಿಗಳನ್ನು ನೋಡಿಯೇ ಹೆದರಲು ಕಲಿತವು. ಜೇಡದ ಚಿತ್ರ ಕಂಡಾಗ ಆರು ತಿಂಗಳ ಶಿಶುಗಳ ಕಣ್ಣಿನ ಪಾಪೆ ಹಿಗ್ಗುವುದನ್ನು 2017ರಲ್ಲಿ ಜರ್ಮನಿಯವರು ತೋರಿಸಿದರು. ಎರಡನ್ನೂ ಕೂಡಿಸಿ ನೋಡಿದರೆ ನನಗೆ ತೋರುವುದಿಷ್ಟು: ಎಚ್ಚರ ಹುಟ್ಟಿನಿಂದ ಬಂದೀತು, ಕಿರಿಚುವುದನ್ನು ಕಲಿಸುವವರು ನಾವು.

ಕಲಿತದ್ದನ್ನು ಬಿಡಿಸುವ ಕಲೆಗೂ ಒಂದು ಚರಿತ್ರೆಯಿದೆ. 1924ರಲ್ಲಿ ಮೇರಿ ಕವರ್ ಜೋನ್ಸ್ ಎಂಬಾಕೆ ಮೊಲಕ್ಕೆ ಹೆದರುತ್ತಿದ್ದ ಪೀಟರ್ ಎಂಬ ಹುಡುಗನಿಗೆ ಇಷ್ಟದ ತಿಂಡಿ ಕೊಡುತ್ತ, ಮೊಲದ ಪಂಜರವನ್ನು ಸ್ವಲ್ಪಸ್ವಲ್ಪವೇ ಹತ್ತಿರ ತಂದು ಭಯ ಬಿಡಿಸಿದಳು. 1958ರಲ್ಲಿ ಜೋಸೆಫ್ ವೋಲ್ಪೆ ಇದನ್ನೇ ಮೆಟ್ಟಿಲುಮೆಟ್ಟಿಲಾದ ಚಿಕಿತ್ಸೆಯಾಗಿ ರೂಪಿಸಿದ. ಸ್ವೀಡನ್ನಿನ ಲಾರ್ಸ್‌ಗೋರನ್ ಓಸ್ಟ್ 1989ರಲ್ಲಿ, ಹೆಚ್ಚೆಂದರೆ ಮೂರು ಗಂಟೆಯ ಒಂದೇ ಬೈಠಕ್ಕಿನಲ್ಲಿ ಇಂಥ ಭಯವನ್ನು ಬಹುಮಟ್ಟಿಗೆ ಇಳಿಸಬಹುದೆಂದು ತೋರಿಸಿದ. ನಿದ್ದೆಗೆಡಿಸುವಷ್ಟು, ಒಂದು ಕೋಣೆಯನ್ನೇ ತೊರೆಯುವಷ್ಟು ಭಯವಿರುವವರು ಮನೋವೈದ್ಯರನ್ನು ಕಾಣಲು ನಾಚಬೇಕಾಗಿಲ್ಲ. ಅವರನ್ನು ನೋಡಿ ನಗುವುದು, ಮೇಲೆ ಜೇಡ ಎಸೆದು ತಮಾಷೆ ಮಾಡುವುದು ಶುದ್ಧ ಕ್ರೌರ್ಯ.

ಸಾಮಾನ್ಯ ಅಳುಕಿರುವ ಮಕ್ಕಳಿಗೆ ಮನೆಯಲ್ಲೇ ಮಾಡಬಹುದು. ಮೊದಲು ಕಾಗದದ ಮೇಲೆ ಜೇಡ ಬರೆಯಲಿ, ಎಂಟು ಕಾಲು ಎಣಿಸಲಿ. ಆಮೇಲೆ ಚಿತ್ರ. ಆಮೇಲೆ ಕೋಣೆಯ ಈ ತುದಿಯಿಂದ ಕಿಟಕಿಯ ಹಾರುವ ಜೇಡವನ್ನು ನೋಡಿ ಅದಕ್ಕೊಂದು ಹೆಸರಿಡಲಿ. ಮರುದಿನ ಒಂದು ಹೆಜ್ಜೆ ಹತ್ತಿರ. ಯಾವ ಹಂತದಲ್ಲೂ ಒತ್ತಾಯ ಬೇಡ, ಮಗುವೇ ಮುಂದಿನ ಹೆಜ್ಜೆ ಕೇಳಬೇಕು. ಕೊನೆಯ ಹಂತ ದೊಡ್ಡವರದು. ಅಗಲಬಾಯಿಯ ಪಾರದರ್ಶಕ ಡಬ್ಬವನ್ನು ಗೋಡೆಯ ಬೇಟೆಗಾರನ ಮೇಲೆ ನಿಧಾನವಾಗಿ ಕವುಚಿ, ಕಾಲು ಸಿಕ್ಕಿಕೊಳ್ಳದಂತೆ ನೋಡಿ, ಹಳೆಯ ಆಮಂತ್ರಣ ಪತ್ರಿಕೆಯ ರಟ್ಟನ್ನು ಕೆಳಗೆ ತೂರಿಸಿದರೆ ಅದು ಒಳಗಾಗುತ್ತದೆ. ಮಕ್ಕಳು ಅದರ ಮೀಸೆಯ ಪಟ್ಟೆಯನ್ನು ನೋಡಲಿ. ಜುಲೈ ಮಧ್ಯಾಹ್ನದ ಬಾಲ್ಕನಿಗೆ ಮಾತ್ರ ಬಿಡಬೇಡಿ, ಆ ಬಿಸಿಲಿನಲ್ಲಿ ಬದುಕುವುದು ಕಷ್ಟ. ಸಂಜೆ ಇಳಿದ ಮೇಲೆ ಕಟ್ಟಡದ ಹಿಂದಿನ ಗಿಡಗಳ ಬುಡದಲ್ಲಿ, ನೀರು ಹನಿಸುವ ಕೊಳವೆಯ ಹತ್ತಿರ ಡಬ್ಬವನ್ನು ವಾಲಿಸಿದರೆ ತಾನಾಗಿ ಹೊರಡುತ್ತದೆ.